ದಾಖಲಾತಿ ಪುಸ್ತಕವೂ ಪೊಲೀಸರ ಕಾಗದವೂ

ಕಳೆದ ತಿಂಗಳು ಆಲೂರಿನಲ್ಲಿ ಒಂದು ಮದುವೆಗೆ ಹೋಗಿದ್ದೆ. ಊಟ ಮುಗಿಸಿ ಎಲೆಯಡಿಕೆ ಮೆಲ್ಲುತ್ತ ಕುಳಿತಿದ್ದಾಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಂದು ಪಕ್ಕದಲ್ಲಿ ಕುಳಿತ. ಆತ ಈಗ ಸಕಲೇಶಪುರದ ಕಡೆ ಕಾಫಿ ತೋಟ ಮಾಡಿಕೊಂಡಿದ್ದಾನೆ. ತೋಟದಲ್ಲಿ ಅಸ್ಸಾಮಿನಿಂದ ಬಂದ ಇಪ್ಪತ್ತೆಂಟು ಮಂದಿ ಕೂಲಿಗಳಿದ್ದಾರಂತೆ. ಪಕ್ಕದ ತೋಟದ ಕಣದಿಂದ ಒಣಗಿದ ಕಾಫಿ ಮೂಟೆಗಳು ಕಾಣೆಯಾದುವು. ಮಾರನೆಯ ದಿನ ಠಾಣೆಯಿಂದ ದೂರವಾಣಿ ಬಂತು. ಎಲ್ಲ ಕೂಲಿಗಳ ಆಧಾರ್ ಪ್ರತಿ, ಮೊಬೈಲ್ ಸಂಖ್ಯೆ, ಭಾವಚಿತ್ರಗಳನ್ನು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿ ಎಂದರಂತೆ. "ಕೊಡಬೇಕೇ ಸಾರ್? ಕೊಡದಿದ್ದರೆ ನಾನೇ ಕಳ್ಳರನ್ನು ಬಚ್ಚಿಟ್ಟಿದ್ದೇನೆ ಅಂದುಕೊಳ್ಳುತ್ತಾರೆ. ಕೊಟ್ಟರೆ ಇವರೆಲ್ಲ ರಾತ್ರೋರಾತ್ರಿ ಊರು ಬಿಡುತ್ತಾರೆ" ಎಂದ. ನಾನು ಸಮಾಜ ವಿಜ್ಞಾನ ಬೋಧಿಸಿದವನೇ ಹೊರತು ವಕೀಲನಲ್ಲ. ಆದರೂ ಆ ಪ್ರಶ್ನೆ ನನ್ನನ್ನು ಮೂವತ್ತೊಂಬತ್ತು ವರ್ಷ ಹಿಂದಕ್ಕೆ ಒಯ್ದಿತು. ಅಲ್ಲಿಗೆ ಹೋಗುವ ಮೊದಲು ಸ್ವಲ್ಪ ಇತಿಹಾಸವನ್ನು ಹೇಳುವುದು ನನ್ನ ಹಳೆಯ ಚಾಳಿ. ನನ್ನ ವಿದ್ಯಾರ್ಥಿಗಳಾಗಿದ್ದವರು ಸಹಿಸಿಕೊಳ್ಳಬೇಕು.

ನಮ್ಮ ಮಲೆನಾಡಿನ ತೋಟಗಳಲ್ಲಿ ಕೂಲಿಗಾರನ ಹೆಸರು ಬರೆದಿಡುವ ಪದ್ಧತಿ ಹೊಸದೇನಲ್ಲ. ಘಟ್ಟದ ಕೆಳಗಿನಿಂದ ಮೇಸ್ತ್ರಿಗಳು ಆಳುಗಳನ್ನು ಕರೆತರುತ್ತಿದ್ದ ಕಾಲದಿಂದಲೂ ಮುಂಗಡದ ಲೆಕ್ಕದ ಪುಸ್ತಕವಿತ್ತು. ಅದರಲ್ಲಿ ಆಳಿನ ಹೆಸರು, ಊರು, ಪಡೆದ ಹಣ, ಕೊನೆಗೊಂದು ಹೆಬ್ಬೆಟ್ಟಿನ ಗುರುತು. ಈ ಬೆರಳ ಗುರುತಿನ ಕಥೆಯೂ ನಮ್ಮ ದೇಶದ್ದೇ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಆಂಗ್ಲ ಅಧಿಕಾರಿಯು ರಾಜ್ಯಧರ ಕೋನಾಯ್ ಎಂಬ ಗುತ್ತಿಗೆದಾರನ ಅಂಗೈಗೆ ಮಸಿ ಬಳಿದು ಕರಾರು ಪತ್ರದ ಮೇಲೆ ಒತ್ತಿಸಿದ. ಅದು ಕಳ್ಳನನ್ನು ಹಿಡಿಯುವುದಕ್ಕಲ್ಲ. "ಈ ಕರಾರು ನನ್ನದಲ್ಲ" ಎಂದು ಮುಂದೆ ಅವನು ನುಣುಚಿಕೊಳ್ಳದಿರಲೆಂದು. ಸುಮಾರು ನಲವತ್ತು ವರ್ಷ ಕಳೆದು, 1897ರಲ್ಲಿ, ಕಲ್ಕತ್ತೆಯಲ್ಲಿ ಪೊಲೀಸರ ಬೆರಳಚ್ಚು ವಿಭಾಗ ಸ್ಥಾಪನೆಯಾಯಿತು. ಬೆರಳಚ್ಚುಗಳನ್ನು ವರ್ಗೀಕರಿಸುವ ಗಣಿತವನ್ನು ರೂಪಿಸಿದ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯರ ಹೆಸರು ಹಿಂದೆ ಸರಿದು, ಮೇಲಧಿಕಾರಿ ಎಡ್ವರ್ಡ್ ಹೆನ್ರಿಯ ಹೆಸರು ಜಗತ್ಪ್ರಸಿದ್ಧವಾಯಿತು. ಅದು ಬೇರೆಯೇ ಒಂದು ದುಃಖದ ಕಥೆ. ನಾನಿಲ್ಲಿ ಗಮನ ಸೆಳೆಯಬಯಸುವುದು ಒಂದು ಸಂಗತಿಗೆ: ಒಂದು ಕೆಲಸಕ್ಕೆಂದು ಪಡೆದ ಗುರುತು ಮತ್ತೊಂದು ಕೆಲಸಕ್ಕೆ ಬಳಕೆಯಾಗುವುದಕ್ಕೆ ಬಹಳ ಕಾಲ ಬೇಕಾಗುವುದಿಲ್ಲ.

ಈಗ ನನ್ನ ಪ್ರಸಂಗ. ಬಿ.ಎಡ್. ಮುಗಿಸಿ 1984ರಲ್ಲಿ ನಾನು ಕೆಲಸಕ್ಕೆ ಸೇರಿದ ಪ್ರೌಢಶಾಲೆ ಕಾಫಿ ತೋಟಗಳ ನಡುವೆ ಇತ್ತು. ಆಗ ಕಾಫಿಯನ್ನು ಮಂಡಳಿಯ ಸಂಗ್ರಹಕ್ಕೇ ಒಪ್ಪಿಸಬೇಕಾಗಿತ್ತು. ಬೆಳೆಗಾರನು ತನ್ನಿಷ್ಟದಂತೆ ಹೊರಗೆ ಮಾರುವಂತಿರಲಿಲ್ಲ. ಹೀಗಾಗಿ ಕದ್ದ ಕಾಫಿಗೆ ಕಳ್ಳ ಮಾರುಕಟ್ಟೆಯೂ ಇತ್ತು, ಆ ಬಗೆಗೆ ಪೊಲೀಸರ ಓಡಾಟವೂ ಇತ್ತು. 1987ರ ಫೆಬ್ರವರಿಯಲ್ಲಿ ಹತ್ತಿರದ ತೋಟವೊಂದರ ಕಣದಿಂದ ಮೂಟೆಗಳು ಕಳುವಾದುವು. ಎರಡು ದಿನಗಳ ಅನಂತರ ಒಬ್ಬ ಪೇದೆ ಶಾಲೆಗೆ ಬಂದರು. ಮುಖ್ಯೋಪಾಧ್ಯಾಯರು ಸಭೆಗೆಂದು ಹಾಸನಕ್ಕೆ ಹೋಗಿದ್ದರು. ಅಂದು ಕಛೇರಿಯ ಹೊಣೆ ನನ್ನದು. ಹತ್ತನೆಯ ತರಗತಿಯ ಹುಡುಗನೊಬ್ಬನ ಹೆಸರು ಹೇಳಿ "ವಿವರ ಬೇಕು ಮೇಷ್ಟ್ರೇ" ಎಂದರು. ನಾನು ಕುರ್ಚಿ ಕೊಟ್ಟೆ, ಕಾಫಿ ತರಿಸಿದೆ, ಬೀರುವಿನಿಂದ ದಾಖಲಾತಿ ಪುಸ್ತಕ ತೆಗೆದು ಆ ಪುಟವನ್ನು ಅವರ ಮುಂದಿಟ್ಟೆ.

ದಾಖಲಾತಿ ಪುಸ್ತಕದಲ್ಲಿ ಏನೆಲ್ಲ ಇರುತ್ತದೆ ಎಂಬುದನ್ನು ಯೋಚಿಸಿ ನೋಡಿ. ತಂದೆಯ ಹೆಸರು, ವೃತ್ತಿ, ಜಾತಿ, ಹುಟ್ಟಿದ ದಿನಾಂಕ, ವಾಸಸ್ಥಳ, ದೇಹದ ಮೇಲಿನ ಗುರುತಿನ ಚಿಹ್ನೆ. ಆ ಹುಡುಗನಿಗೆ ಬಲಗೆನ್ನೆಯ ಕೆಳಗೊಂದು ಮಚ್ಚೆ. ಪೇದೆ ಎಲ್ಲವನ್ನೂ ಬರೆದುಕೊಂಡರು. ಅಲ್ಲಿಗೆ ನಿಲ್ಲಿಸಿದ್ದರೆ ಒಂದು ಮಾತು. ನಾನು ನನ್ನ ಬುದ್ಧಿವಂತಿಕೆಯನ್ನು ಪ್ರದರ್ಶಿಸಲು ಹೊರಟೆ. "ಹೋದ ವಾರ ಇವನು ಮೂರು ದಿನ ಶಾಲೆಗೇ ಬಂದಿಲ್ಲ" ಎಂದು, ಅವರು ಕೇಳದಿದ್ದರೂ, ಹಾಜರಿ ಪುಸ್ತಕವನ್ನು ತೆರೆದು ತೋರಿಸಿದೆ. ಪೇದೆಯ ಮುಖ ಅರಳಿತು. ಕಳುವಾದದ್ದು ಆ ಮೂರು ದಿನಗಳಲ್ಲೊಂದರ ರಾತ್ರಿ.

ಹುಡುಗನನ್ನು ಆ ಸಂಜೆಯೇ ಕರೆದೊಯ್ದರು. ಎರಡು ರಾತ್ರಿ ಠಾಣೆಯಲ್ಲಿಟ್ಟುಕೊಂಡರು. ಆ ಮೂರು ದಿನ ಅವನು ಜ್ವರ ಬಂದ ತಾಯಿಯ ಬದಲಿಗೆ ಹಣ್ಣು ಕೊಯ್ಯಲು ಹೋಗಿದ್ದನೆಂಬುದು ತೋಟದ ಚೆಕ್‌ರೋಲಿನಲ್ಲೇ ಇತ್ತು. ಅದನ್ನು ಯಾರೂ ಕೇಳಿರಲಿಲ್ಲ. ವಾರದೊಳಗೆ ಮೂಟೆಗಳು ಬೇರೆಡೆ, ಬೇರೆಯವರ ಬಳಿ ಸಿಕ್ಕವು. ಹುಡುಗ ಮನೆಗೆ ಮರಳಿದ, ಶಾಲೆಗೆ ಮರಳಲಿಲ್ಲ. ಆ ವರ್ಷ ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಕೊಠಡಿಯಲ್ಲಿ ಅವನ ಸಂಖ್ಯೆಯ ಮೇಜು ಖಾಲಿ ಇತ್ತು. ಆ ಕೊಠಡಿಯ ಮೇಲ್ವಿಚಾರಣೆ ನನ್ನದಾಗಿರಲಿಲ್ಲ. ಆದರೂ ಬಾಗಿಲವರೆಗೆ ಹೋಗಿ ನೋಡಿ ಬಂದಿದ್ದೆ.

ಹಾಸನದಿಂದ ಹಿಂದಿರುಗಿದ ಮುಖ್ಯೋಪಾಧ್ಯಾಯರಿಗೆ ನಾನು ನಡೆದದ್ದನ್ನು ವರದಿ ಮಾಡಿದಾಗ ಅವರು ಗದರಲಿಲ್ಲ. ಕನ್ನಡಕ ತೆಗೆದು ಒರೆಸುತ್ತ ಒಂದೇ ಮಾತು ಕೇಳಿದರು: "ಕಾಗದ ತಂದಿದ್ದರೇ?"

ಆ ಪ್ರಶ್ನೆಯ ಹಿಂದೆ ಇದ್ದ ಕಾನೂನು ನನಗೆ ತಿಳಿದದ್ದು ತಡವಾಗಿ. ಅಂದು ಜಾರಿಯಲ್ಲಿದ್ದ 1973ರ ದಂಡ ಪ್ರಕ್ರಿಯಾ ಸಂಹಿತೆಯ 91ನೆಯ ಕಲಮಿನಂತೆ ತನಿಖೆಗೆ ದಸ್ತಾವೇಜು ಬೇಕಾದರೆ ನ್ಯಾಯಾಲಯವು ಸಮನ್ಸ್ ಕಳುಹಿಸಬಹುದು, ಇಲ್ಲವೇ ಠಾಣಾಧಿಕಾರಿಯು ಲಿಖಿತ ಆದೇಶ ಕೊಡಬಹುದು. ಲಿಖಿತ ಎಂಬ ಪದವನ್ನು ಗಮನಿಸಿ. ಬ್ರಿಟಿಷರ 1898ರ ಸಂಹಿತೆಯಲ್ಲಿ ಇದೇ ವಿಧಿ 94ನೆಯ ಕಲಮಾಗಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು ಮತ್ತೆ 94ನೆಯ ಕಲಮೇ ಆಗಿದೆ. ವಿದ್ಯುನ್ಮಾನ ಸಂವಹನ ಮತ್ತು ಸಾಧನಗಳನ್ನೂ ಈಗ ಅದರೊಳಗೆ ಸೇರಿಸಿದ್ದಾರೆ. ಸಂಖ್ಯೆಗಳು ನೂರಿಪ್ಪತ್ತೈದು ವರ್ಷ ಅಲೆದು ತವರಿಗೆ ಹಿಂದಿರುಗಿದವು. ಪೊಲೀಸರಿಗೆ ಕೇಳುವ ಅಧಿಕಾರವಿಲ್ಲವೆಂದು ನಮ್ಮ ಮುಖ್ಯೋಪಾಧ್ಯಾಯರು ಎಂದೂ ಹೇಳಿದವರಲ್ಲ. ಕಳ್ಳತನವಾದಾಗ ಪೊಲೀಸರು ಬರಬೇಕು, ಕೇಳಬೇಕು, ಹುಡುಕಬೇಕು. ಕಳೆದುಕೊಂಡವನ ವರ್ಷದ ದುಡಿಮೆಯೂ ಆ ಮೂಟೆಯಲ್ಲಿತ್ತಲ್ಲ! ಅವರ ಹಟ ಇದ್ದದ್ದು ಇಷ್ಟಕ್ಕೆ: ಯಾರು ಕೇಳಿದರು, ಯಾರ ಬಗೆಗೆ ಕೇಳಿದರು, ಯಾವ ಪ್ರಕರಣಕ್ಕೆ ಕೇಳಿದರು ಎಂಬುದು ಒಂದು ಹಾಳೆಯಲ್ಲಿ ಸಹಿಯೊಂದಿಗೆ ಇರಬೇಕು. ಸಹಿ ಮಾಡುವ ಕೈ ಒಂದು ಕ್ಷಣ ತಡೆಯುತ್ತದೆ. ಆ ಒಂದು ಕ್ಷಣ ಆ ಹುಡುಗನಿಗೆ ದೊರೆಯಲಿಲ್ಲ.

ನಮ್ಮ ನ್ಯಾಯಾಲಯಗಳೂ ಈ ಕ್ಷಣವನ್ನು ಹುಡುಕುತ್ತ ಬಹಳ ದೂರ ನಡೆದಿವೆ. ಉತ್ತರ ಪ್ರದೇಶದ ಖರಕ್ ಸಿಂಗ್ ಎಂಬಾತ ಒಂದು ಡಕಾಯಿತಿ ಪ್ರಕರಣದಲ್ಲಿ ಸಾಕ್ಷ್ಯವಿಲ್ಲದೆ ಬಿಡುಗಡೆಯಾಗಿದ್ದವನು. ಆದರೂ ಪೊಲೀಸರು ಅವನ ಮೇಲೆ ಚರಿತ್ರೆ ಹಾಳೆ ತೆರೆದು, ನಡುರಾತ್ರಿಯಲ್ಲಿ ಬಂದು ಬಾಗಿಲು ಬಡಿದು "ಒಳಗಿದ್ದೀಯಾ?" ಎಂದು ಕೇಳುತ್ತಿದ್ದರು. 1962ರ ಡಿಸೆಂಬರ್ 18ರಂದು ಸರ್ವೋಚ್ಚ ನ್ಯಾಯಾಲಯವು ಆ ರಾತ್ರಿಯ ಭೇಟಿಗಳನ್ನು ರದ್ದುಗೊಳಿಸಿತು. ಆದರೆ ಅದೇ ತೀರ್ಪಿನಲ್ಲಿ, ಖಾಸಗಿತನವೆಂಬ ಹಕ್ಕು ಸಂವಿಧಾನದಲ್ಲಿಲ್ಲ ಎಂದೂ ಬಹುಮತದ ನ್ಯಾಯಮೂರ್ತಿಗಳು ಬರೆದರು. ನ್ಯಾಯಮೂರ್ತಿ ಸುಬ್ಬರಾವ್ ಒಪ್ಪದೆ ಬೇರೆ ಬರೆದರು. ತರಗತಿಯಲ್ಲಿ ಮೂಲಭೂತ ಹಕ್ಕುಗಳ ಪಾಠ ಮಾಡುವಾಗ ನಾನು ಈ ಭಿನ್ನಮತವನ್ನು ಹೇಳುತ್ತಿದ್ದೆ. ಪರೀಕ್ಷೆಗೆ ಬಾರದ ವಿಷಯವಾದ್ದರಿಂದ ಯಾರೂ ಬರೆದುಕೊಳ್ಳುತ್ತಿರಲಿಲ್ಲ.

ನಮ್ಮ ಹುಡುಗನ ಪ್ರಕರಣದ ಮರುವರ್ಷವೇ ಕರ್ನಾಟಕವೆಲ್ಲ ಮಾತನಾಡಿಕೊಂಡ ಪ್ರಸಂಗ ನಡೆಯಿತು. ಅಂದು ನಮ್ಮ ಕಡೆ ದೂರವಾಣಿಯೆಂದರೆ ಟ್ರಂಕ್ ಕಾಲ್ ಕಾಯ್ದಿರಿಸಿ, ಗಂಟೆಗಟ್ಟಲೆ ಕಾದು, ಮಾತನಾಡುವಾಗ ನಡುವೆ ಯಾರೋ ಉಸಿರಾಡುವುದನ್ನು ಕೇಳಿಸಿಕೊಳ್ಳುವುದು. ಯಾವ ಹುಡುಗಿಗೆ ಯಾವ ಊರಿನ ಸಂಬಂಧ ಕುದುರಿತು ಎಂಬುದು ಮನೆಯವರಿಗಿಂತ ಮೊದಲು ಆಪರೇಟರಿಗೆ ತಿಳಿಯುತ್ತಿತ್ತೆಂದು ನಗೆಯಾಡುತ್ತಿದ್ದೆವು. ಆದರೆ 1988ರಲ್ಲಿ ಹೊರಬಿದ್ದದ್ದು ನಗೆಯ ಮಾತಲ್ಲ. ನಮ್ಮ ಜಿಲ್ಲೆಯವರೇ ಆದ ಎಚ್.ಡಿ. ದೇವೇಗೌಡ ಹಾಗೂ ಅಜಿತ್ ಸಿಂಗ್ ಅವರ ನಡುವಿನದೆಂದು ಹೇಳಲಾದ ದೂರವಾಣಿ ಸಂಭಾಷಣೆ ಪತ್ರಿಕೆಯಲ್ಲಿ ಅಚ್ಚಾಯಿತು. ರಾಜಕಾರಣಿಗಳು, ಪತ್ರಕರ್ತರು, ಸ್ವಪಕ್ಷದ ಭಿನ್ನಮತೀಯರೂ ಸೇರಿದಂತೆ ಸುಮಾರು 50 ಮಂದಿಯ ದೂರವಾಣಿಗಳನ್ನು ರಾಜ್ಯದ ಪೊಲೀಸರು ಕದ್ದಾಲಿಸಿದ್ದಾರೆಂಬ ಆರೋಪ ಸಂಸತ್ತಿನವರೆಗೂ ಹೋಯಿತು. ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ಆಗಸ್ಟಿನಲ್ಲಿ ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. ಪೊಲೀಸರ ಕೈಯಲ್ಲಿದ್ದ ಅಧಿಕಾರವೋ, 1885ರ ಟೆಲಿಗ್ರಾಫ್ ಕಾಯ್ದೆಯ 5ನೆಯ ಕಲಮಿನದು. ಸಾರ್ವಜನಿಕ ತುರ್ತುಸ್ಥಿತಿ ಅಥವಾ ಸಾರ್ವಜನಿಕ ಸುರಕ್ಷತೆಗೆಂದು ಇದ್ದ ವಿಧಿ. ಅದನ್ನು ಹೇಗೆ ಬಳಸಬೇಕೆಂಬ ನಿಯಮಗಳನ್ನು ನೂರು ವರ್ಷ ಕಳೆದರೂ ಯಾವ ಸರ್ಕಾರವೂ ಬರೆದಿರಲಿಲ್ಲ.

ಅದನ್ನು ಬರೆಯಬೇಕಾಗಿ ಬಂದದ್ದು ಸರ್ವೋಚ್ಚ ನ್ಯಾಯಾಲಯಕ್ಕೆ. ನಾಗರಿಕ ಸ್ವಾತಂತ್ರ್ಯಗಳ ಜನತಾ ಒಕ್ಕೂಟ ಹೂಡಿದ ದಾವೆಯಲ್ಲಿ 1996ರ ಡಿಸೆಂಬರ್ 18ರಂದು ತೀರ್ಪು ಬಂತು. ಕದ್ದಾಲಿಕೆಗೆ ಗೃಹ ಕಾರ್ಯದರ್ಶಿಯ ಆದೇಶ ಬೇಕು; ಅದು ಎರಡು ತಿಂಗಳಿಗೆ ಮುಗಿಯಬೇಕು, ಮುಂದುವರಿಸಿದರೂ ಆರು ತಿಂಗಳನ್ನು ಮೀರಬಾರದು; ಪರಿಶೀಲನಾ ಸಮಿತಿ ಇರಬೇಕು. ಅದೇ ದಿನ, ಬಂಧಿತರನ್ನು ನಡೆಸಿಕೊಳ್ಳುವ ಬಗೆಗಿನ ಡಿ.ಕೆ. ಬಸು ಪ್ರಕರಣದ ತೀರ್ಪೂ ಬಂತು. ಖರಕ್ ಸಿಂಗ್ ತೀರ್ಪಿನ ದಿನಾಂಕವನ್ನು ಮತ್ತೊಮ್ಮೆ ನೋಡಿರಿ, ಅದೂ ಡಿಸೆಂಬರ್ 18. ಇಸವಿಗಳನ್ನು ಬಾಯಿಪಾಠ ಮಾಡಿಸುತ್ತಿದ್ದ ನನ್ನ ಮೇಲೆ ಕೋಪವಿದ್ದವರು ಈ ಒಂದನ್ನಾದರೂ ನೆನಪಿಟ್ಟುಕೊಳ್ಳಬಹುದು. ಆ ತೀರ್ಪಿನ ಅಂಶಗಳು ನಿಯಮವಾಗಿ ಟೆಲಿಗ್ರಾಫ್ ನಿಯಮಾವಳಿಯನ್ನು ಸೇರಿದ್ದು 2007ರಲ್ಲಿ. 2024ರ ಡಿಸೆಂಬರಿನಲ್ಲಿ ಅವುಗಳ ಜಾಗದಲ್ಲಿ ಹೊಸ ನಿಯಮಗಳು ಬಂದಿವೆ. ಇಂದಿಗೂ ಆದೇಶ ಕೊಡುವವರೂ ಪರಿಶೀಲಿಸುವವರೂ ಸರ್ಕಾರದ ಅಧಿಕಾರಿಗಳೇ, ನ್ಯಾಯಾಧೀಶರಲ್ಲ. ಇದು ಸಾಲದೆಂಬುದು ನನ್ನ ಅಭಿಪ್ರಾಯ. ತಾನೇ ಪ್ರಶ್ನೆಪತ್ರಿಕೆ ಬರೆದು, ತಾನೇ ಉತ್ತರಿಸಿ, ತಾನೇ ಅಂಕ ಹಾಕಿಕೊಳ್ಳುವುದನ್ನು ನಾವು ಶಾಲೆಯಲ್ಲಿ ಪರೀಕ್ಷೆಯೆಂದು ಕರೆಯುತ್ತಿರಲಿಲ್ಲ.

ಖಾಸಗಿತನವನ್ನು ಮೂಲಭೂತ ಹಕ್ಕೆಂದು ಕೊನೆಗೆ ಬರೆಯಿಸಿದವರು ನಮ್ಮವರೇ ಆದ ಹಿರಿಯರೊಬ್ಬರು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯ ವಿರುದ್ಧ 2012ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದಾಗ ಅವರಿಗೆ 86 ವರ್ಷ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಒಕ್ಕೊರಲಿನಿಂದ ಆ ಹಕ್ಕನ್ನು ಎತ್ತಿಹಿಡಿಯಿತು. ಖರಕ್ ಸಿಂಗ್ ತೀರ್ಪಿನ ಆ ಒಂದು ವಾಕ್ಯ ಬಿದ್ದುಹೋಯಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ, 98ನೆಯ ವಯಸ್ಸಿನಲ್ಲಿ, ತೀರಿಕೊಂಡರು. ಅಪರಾಧವನ್ನು ತಡೆಯುವುದು, ತನಿಖೆ ಮಾಡುವುದು ಸರ್ಕಾರದ ನ್ಯಾಯವಾದ ಉದ್ದೇಶವೆಂದು ಆ ತೀರ್ಪೇ ಒಪ್ಪುತ್ತದೆ ಎಂಬುದನ್ನು ಅದನ್ನು ಹೊಗಳುವವರೂ ತೆಗಳುವವರೂ ಮರೆಯುತ್ತಾರೆ. ಅದು ಕೇಳುವುದು ಮೂರನ್ನು: ಕಾನೂನು ಇದೆಯೇ, ಉದ್ದೇಶ ನ್ಯಾಯವಾದದ್ದೇ, ಕೇಳುತ್ತಿರುವುದು ಅಗತ್ಯಕ್ಕೆ ತಕ್ಕಷ್ಟೇ ಇದೆಯೇ.

ತಕ್ಕಷ್ಟು ಎಂದರೆ ಎಷ್ಟು? ಇದಕ್ಕೆ ಗೋವೆಯ ಒಂದು ಪ್ರಕರಣ ನನ್ನ ಮನಸ್ಸನ್ನು ಬಹುಕಾಲ ಕಲಕಿದೆ. 2013ರಲ್ಲಿ ವಾಸ್ಕೋದ ಶಾಲೆಯೊಂದರಲ್ಲಿ ಪುಟ್ಟ ಬಾಲಕಿಯ ಮೇಲೆ ಅತ್ಯಾಚಾರವಾಯಿತು. ಅಪರಾಧಿ ಸಿಗಲಿಲ್ಲ, ಬೆರಳಚ್ಚುಗಳು ಮಾತ್ರ ಸಿಕ್ಕಿದ್ದವು. ಗೋವೆಯ ಎಲ್ಲ ಜನರ ಆಧಾರ್ ಬೆರಳಚ್ಚುಗಳೊಂದಿಗೆ ಅವನ್ನು ಹೋಲಿಸಿ ನೋಡಲು ಸಿಬಿಐ ಬಯಸಿತು. ಆಧಾರ್ ಪ್ರಾಧಿಕಾರ ಒಪ್ಪದೆ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ವ್ಯಕ್ತಿಯ ಲಿಖಿತ ಸಮ್ಮತಿಯಿಲ್ಲದೆ ಆ ಮಾಹಿತಿಯನ್ನು ಕೊಡಬಾರದೆಂದು 2014ರ ಮಾರ್ಚಿನಲ್ಲಿ ನ್ಯಾಯಾಲಯ ಹೇಳಿತು. ಶಾಲೆಯಲ್ಲೇ ಬದುಕು ಕಳೆದ ನಾನು ಆ ಮಗುವಿನ ತಂದೆಯ ಸ್ಥಾನದಲ್ಲಿ ನಿಂತು ಯೋಚಿಸಿದ್ದೇನೆ. ಕೊಟ್ಟುಬಿಡಬಾರದಿತ್ತೇ ಎಂದು ಎಷ್ಟೋ ಸಲ ಅನ್ನಿಸಿದೆ. ಆದರೆ ಹದಿನಾಲ್ಕೂ ಚಿಲ್ಲರೆ ಲಕ್ಷ ಜನರನ್ನು ಒಂದೇ ಸಲಕ್ಕೆ ಸಂಶಯಿತರ ಸಾಲಿನಲ್ಲಿ ನಿಲ್ಲಿಸುವುದೆಂದರೆ, ಹಾಜರಿ ಪುಸ್ತಕದಲ್ಲಿ ಗೈರುಹಾಜರಿ ಕಂಡವನನ್ನೆಲ್ಲ ಠಾಣೆಗೆ ಕರೆದೊಯ್ದಂತೆ. ಅಂಥ ಸಾಲಿನಲ್ಲಿ ನಿಂತವನೊಬ್ಬನನ್ನು ನಾನು ಬಲ್ಲೆ.

ಇಷ್ಟು ಬರೆದ ಮೇಲೆ, ಇದರ ಇನ್ನೊಂದು ಮುಖವನ್ನು ಹೇಳದಿದ್ದರೆ ನಮ್ಮ ಜಿಲ್ಲೆಗೇ ಅನ್ಯಾಯ ಮಾಡಿದಂತಾಗುತ್ತದೆ. 2024ರ ಏಪ್ರಿಲ್ 26ರಂದು ನಮ್ಮ ಕ್ಷೇತ್ರದಲ್ಲಿ ಲೋಕಸಭೆಗೆ ಮತದಾನ. ಅದಕ್ಕೆ ಕೆಲವೇ ದಿನ ಮೊದಲು ಹಾಸನ ಜಿಲ್ಲೆಯ ಉದ್ದಗಲಕ್ಕೂ ಪೆನ್‌ಡ್ರೈವ್‌ಗಳು ಹರಿದಾಡಿದವು. ಅವುಗಳಲ್ಲಿದ್ದದ್ದು ಅಂದಿನ ಸಂಸದ ಪ್ರಜ್ವಲ್ ರೇವಣ್ಣ ಅವರಿಗೆ ಸಂಬಂಧಿಸಿದವೆಂದು ಹೇಳಲಾದ, ಹೆಂಗಸರ ಮೇಲಿನ ಲೈಂಗಿಕ ಕೃತ್ಯಗಳ ದೃಶ್ಯಗಳು. ಹಂಚಿದವರು ಆ ಹೆಂಗಸರ ಮುಖ ಮರೆಸುವಷ್ಟು ಮನುಷ್ಯತ್ವವನ್ನೂ ತೋರಲಿಲ್ಲ. ನನ್ನ ಫೋನಿಗೂ ಪರಿಚಿತರೊಬ್ಬರು ಏನೋ ಕಳುಹಿಸಿದ್ದರು, ತೆರೆಯದೆ ಅಳಿಸಿದೆ. ತೆರೆಯದಿದ್ದುದಕ್ಕೆ ಸಭ್ಯತೆಯೊಂದೇ ಕಾರಣವೆಂದು ಹೇಳಿದರೆ ಸುಳ್ಳಾದೀತು. ಮೂವತ್ತಾರು ವರ್ಷ ಈ ಜಿಲ್ಲೆಯ ಹೆಣ್ಣುಮಕ್ಕಳಿಗೆ ಪಾಠ ಹೇಳಿದವನು ನಾನು. ಪರಿಚಿತ ಮುಖವೊಂದು ಕಂಡುಬಿಟ್ಟರೆ ಎಂಬ ಭಯವಿತ್ತು.

ಇಲ್ಲಿ ಪೊಲೀಸರು ಬರಬಾರದೆಂದು ಯಾರು ಹೇಳಿಯಾರು? ಸರ್ಕಾರ ವಿಶೇಷ ತನಿಖಾ ತಂಡವನ್ನು ರಚಿಸಿತು. ಆ ದೃಶ್ಯಗಳನ್ನು ಇಟ್ಟುಕೊಳ್ಳುವುದೂ ಹಂಚುವುದೂ ಅಪರಾಧವೆಂದು ತಂಡವು ಎಚ್ಚರಿಸಿತು. ಸಂತ್ರಸ್ತೆಯರು ಗುಟ್ಟಾಗಿ ಸಂಪರ್ಕಿಸಲು ಸಹಾಯವಾಣಿ ತೆರೆಯಿತು. ಫೋನುಗಳು, ದೃಶ್ಯಗಳು, ಬಟ್ಟೆಗಳು ಪ್ರಯೋಗಾಲಯಕ್ಕೆ ಹೋದವು. ಮನೆಗೆಲಸದ ಮಹಿಳೆಯೊಬ್ಬರು ಕೊಟ್ಟ ದೂರಿನಲ್ಲಿ 2025ರ ಆಗಸ್ಟ್ 1ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯವು ಪ್ರಜ್ವಲ್ ಅವರನ್ನು ಅಪರಾಧಿಯೆಂದು ತೀರ್ಮಾನಿಸಿ, ಮರುದಿನ ಜೀವಾವಧಿ ಶಿಕ್ಷೆ ವಿಧಿಸಿತು. ಅವರು ಉಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಿದರು. ಆ ಮಹಿಳೆಯ ಹೆಸರು ನಿಮಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ, ಗೊತ್ತಾಗಬಾರದೆಂದೇ ಕಾನೂನಿದೆ. ಹೆಸರು ಹೊರಬೀಳುವುದಿಲ್ಲವೆಂಬ ಭರವಸೆ ಇದ್ದಲ್ಲಿ ಮಾತ್ರ ಅಂಥವರು ಸಾಕ್ಷಿ ಕಟ್ಟೆಯವರೆಗೆ ಬರುತ್ತಾರೆ. ಗೋಪ್ಯತೆಯನ್ನು ತನಿಖೆಗೆ ಅಡ್ಡ ಬಿದ್ದ ಮರವೆಂದು ಭಾವಿಸುವ ಮಿತ್ರರಿಗೆ ನಾನು ಈ ಪ್ರಕರಣವನ್ನೇ ತೋರಿಸುತ್ತೇನೆ.

ಫೋನಿನ ಬಗೆಗೆ ನಮ್ಮ ಉಚ್ಚ ನ್ಯಾಯಾಲಯವೇ 2021ರ ಮಾರ್ಚ್ 12ರಂದು ವೀರೇಂದ್ರ ಖನ್ನಾ ಪ್ರಕರಣದಲ್ಲಿ ವಿವರವಾಗಿ ಹೇಳಿದೆ. ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ ಅವರ ಆ ತೀರ್ಪಿನ ಪ್ರಕಾರ ತನಿಖಾಧಿಕಾರಿಗೆ ಫೋನನ್ನು ಶೋಧಿಸುವ ದಾರಿಯಿದೆ, ಆದರೆ ಅದು ಸಾಮಾನ್ಯವಾಗಿ ನ್ಯಾಯಾಲಯದ ವಾರಂಟಿನ ಮೂಲಕ ಸಾಗಬೇಕು. ಫೋನಿನೊಳಗೆ ಸಿಕ್ಕ ಖಾಸಗಿ ಸಂಗತಿಗಳನ್ನು ನ್ಯಾಯಾಲಯದ ಅನುಮತಿಯಿಲ್ಲದೆ ಮೂರನೆಯವರಿಗೆ ಕೊಡುವಂತಿಲ್ಲ. ಇನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುತ್ತಿವೆ. ಅಪರಾಧದ ತನಿಖೆಗೆ ಅದರ 17ನೆಯ ಕಲಮಿನಲ್ಲಿ ವಿನಾಯಿತಿ ಇದೆ. ಆ ಬಾಗಿಲು ಎಷ್ಟು ಅಗಲವೆಂಬುದನ್ನು ಮುಂದಿನ ತೀರ್ಪುಗಳು ಹೇಳಬೇಕು. (ನಮ್ಮ ಬೆಟ್ಟಗಳಲ್ಲಿ ಯಾವ ವಿನಾಯಿತಿಯ ಗೊಡವೆಯೂ ಇಲ್ಲದೆ ಹಗಲಿರುಳು ಕಣ್ಗಾವಲಿನಲ್ಲಿರುವ ಪ್ರಾಣಿಯೆಂದರೆ ಕೊರಳಿಗೆ ರೇಡಿಯೋ ಪಟ್ಟಿ ಕಟ್ಟಿಸಿಕೊಂಡ ಕಾಡಾನೆ.)

ಎಲೆಯಡಿಕೆಯ ಮುಂದೆ ಇಷ್ಟೆಲ್ಲ ಹೇಳಲಾಗಲಿಲ್ಲ. 2020ರ ಜನವರಿಯಲ್ಲಿ ಪಕ್ಕದ ಕೊಡಗಿನಲ್ಲಿ ತೋಟಗಳ ವಲಸೆ ಕಾರ್ಮಿಕರನ್ನು ಸಾವಿರಾರು ಸಂಖ್ಯೆಯಲ್ಲಿ ಒಂದೆಡೆ ಸೇರಿಸಿ ದಾಖಲೆ ಪರಿಶೀಲಿಸಿದ್ದನ್ನು ಆತನೇ ನೆನಪಿಸಿದ. "ನೀನು ಇಲ್ಲ ಎನ್ನಬೇಡ, ಕೊಡುತ್ತೇನೆ ಎನ್ನು. ಆದರೆ ಯಾವ ಪ್ರಕರಣ, ಯಾರ ವಿವರ ಎಂದು ಬರೆದು, ಠಾಣಾಧಿಕಾರಿಯ ಸಹಿ ಹಾಕಿದ ಕಾಗದ ಕೇಳು" ಎಂದಷ್ಟೇ ಹೇಳಿದೆ. ಹತ್ತು ದಿನಗಳ ಮೇಲೆ ಆತ ದೂರವಾಣಿ ಮಾಡಿದ. ಕಾಗದ ಬಂದಿತ್ತಂತೆ. ಮಾತಿನಲ್ಲಿ ಇಪ್ಪತ್ತೆಂಟು ಮಂದಿಯನ್ನು ಕೇಳಿದ್ದವರು ಕಾಗದದಲ್ಲಿ ಕೇಳಿದ್ದು, ಹಿಂದಿನ ಎರಡು ತಿಂಗಳಲ್ಲಿ ಹೊಸದಾಗಿ ಸೇರಿದ ನಾಲ್ವರ ಹೆಸರು ಮತ್ತು ಕಳವಿನ ದಿನದ ಚೆಕ್‌ರೋಲು. ಕೊಟ್ಟನಂತೆ. ಠಾಣಾಧಿಕಾರಿ ಸಂಯಮದಿಂದಲೇ ನಡೆದುಕೊಂಡರೆಂದೂ ಹೇಳಿದ. ಕಳ್ಳ ಮಾತ್ರ ಇನ್ನೂ ಸಿಕ್ಕಿಲ್ಲ.

ನನ್ನ ಆ ಹುಡುಗನನ್ನು ಮತ್ತೆ ಕಂಡದ್ದು ನಾನೇ ಮುಖ್ಯೋಪಾಧ್ಯಾಯನಾಗಿದ್ದಾಗ, ಅದೇ ಶಾಲೆಯಲ್ಲಿ. ಮಗನನ್ನು ಎಂಟನೆಯ ತರಗತಿಗೆ ಸೇರಿಸಲು ಬಂದಿದ್ದ. ಕೆನ್ನೆಯ ಮಚ್ಚೆಯಿಂದ ಗುರುತಿಸಿದೆ. ಹಾಗೆ ಗುರುತಿಸಿದೆನಲ್ಲ ಎಂದು ಮರುಕ್ಷಣವೇ ನಾಚಿಕೆಯಾಯಿತು. 1987ರ ಮಾತನ್ನು ನಾನಾಗಿಯೇ ಎತ್ತಿದೆ. ಪೇದೆಗೆ ಹಾಜರಿ ಪುಸ್ತಕ ತೋರಿಸಿದವನು ನಾನೆಂದು ಹೇಳಿದೆ. "ಗೊತ್ತಿತ್ತು ಸಾರ್, ಠಾಣೆಯಲ್ಲೇ ಹೇಳಿದ್ದರು" ಎಂದ. ಮತ್ತೇನೂ ಹೇಳಲಿಲ್ಲ. ಗುಮಾಸ್ತರು ದಾಖಲಾತಿ ಪುಸ್ತಕವನ್ನು ಅವನ ಮುಂದೆ ಸರಿಸಿದಾಗ ಮಗನ ಸಾಲನ್ನು ಬೆರಳಿಟ್ಟು ಮೊದಲಿಂದ ಕೊನೆಯವರೆಗೆ ಓದಿದ. "ಇದನ್ನು ಯಾರು ಯಾರು ನೋಡುತ್ತಾರೆ?" ಎಂದು ಕೇಳಿದ. "ಶಾಲೆಯವರು. ಹೊರಗಿನವರಾದರೆ ಕಾಗದ ತಂದವರು" ಎಂದೆ. ಆತ ಪೆನ್ನು ತೆಗೆದು ಪೋಷಕರ ಕಾಲಮಿನಲ್ಲಿ ನಿಧಾನವಾಗಿ, ಅಕ್ಷರ ಅಕ್ಷರವಾಗಿ ಸಹಿ ಮಾಡಿದ. ಅವನ ಸಾಲಿನಲ್ಲಿ, ಅದೇ ಕಾಲಮಿನಲ್ಲಿ, ಇದ್ದದ್ದು ಅವನ ತಂದೆಯ ಹೆಬ್ಬೆಟ್ಟು.